ಗೃಹೋಪಯೋಗ ವಿಚಾರ: ಜೋಡಿ ಬಾಯ್ಲರಿನ ಕಾಫಿ ಯಂತ್ರ

ಮನೆಗೆ ಹೊಸದಾಗಿ ಒಂದು ಸಾಧನವನ್ನು ತರುವುದಕ್ಕೆ ಮೊದಲು ಗೃಹಸ್ಥನಾದವನು ತನ್ನನ್ನು ತಾನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅದು ಮಾಡುವ ಕೆಲಸವೇನು? ಆ ಕೆಲಸವು ನಮ್ಮ ಮನೆಯಲ್ಲಿ ದಿನವೂ ನಡೆಯತಕ್ಕದ್ದೆ? ತಂದ ಮೇಲೆ ಅದರ ಆರೈಕೆಯನ್ನು ಮಾಡತಕ್ಕವರು ಯಾರು? ಮೊದಲನೆಯ ಪ್ರಶ್ನೆಗೆ ಅಂಗಡಿಯವರು ಉತ್ತರ ಹೇಳುವರು. ಎರಡನೆಯದಕ್ಕೆ ನಮ್ಮ ಆಸೆಯೇ ಉತ್ತರ ಹೇಳಿಬಿಡುವುದು. ಮೂರನೆಯದನ್ನು ಕೇಳುವವರು ವಿರಳ. ಆದರೆ ವಸ್ತುವು ಮನೆಯಲ್ಲಿ ಹತ್ತು ವರ್ಷ ಬಾಳುವುದೋ, ಹತ್ತು ತಿಂಗಳಲ್ಲಿ ಅಟ್ಟವನ್ನು ಸೇರುವುದೋ ಎಂಬುದು ಈ ಮೂರನೆಯ ಪ್ರಶ್ನೆಯನ್ನೇ ಅವಲಂಬಿಸಿರುತ್ತದೆ.

ಈ ತಿಂಗಳ ವಿಚಾರಕ್ಕೆ ವಿಷಯವಾಗಿರುವುದು ‘ಎಸ್‌ಪ್ರೆಸೊ’ ಎಂಬ ಇಟಲಿ ದೇಶದ ಕಾಫಿಯನ್ನು ಮನೆಯಲ್ಲಿಯೇ ಇಳಿಸುವ ಚಿಕ್ಕ ಯಂತ್ರ. ಅದರಲ್ಲಿಯೂ ಎರಡು ಬಾಯ್ಲರುಗಳುಳ್ಳ ಯಂತ್ರ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೊದಲಾದ ಕಡೆಗಳಲ್ಲಿ ಕೆಲಸಮಾಡುವ ತರುಣ ದಂಪತಿಗಳು ಕಚೇರಿಯ ಆವರಣದಲ್ಲಿ ಈ ಕಾಫಿಯ ರುಚಿಯನ್ನು ಕಂಡು, ಅದನ್ನು ಮನೆಗೂ ತರಬೇಕೆಂದು ಬಯಸುವುದು ಈಗ ಅಪರೂಪವಲ್ಲ. ಕಾಡುಗೋಡಿಯ ಸಮೀಪದ ವಸತಿ ಸಮುಚ್ಚಯವೊಂದರಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಇಂಥ ಯಂತ್ರವನ್ನು ಕೊಳ್ಳಬೇಕೆಂದು ಮನಸ್ಸು ಮಾಡಿ, ಸ್ನೇಹಿತನಿಂದ ಮೂರು ವಾರಗಳ ಮಟ್ಟಿಗೆ ಒಂದನ್ನು ಎರವಲು ತಂದು, “ಮೇಷ್ಟ್ರೇ, ತಾವೂ ಬಂದು ನೋಡಿ ಹೇಳಬೇಕು” ಎಂದು ಕರೆದನು. ಪೀಣ್ಯದ ಕಡೆಯ ನನ್ನ ಮನೆಯಿಂದ ಮೆಟ್ರೋ ರೈಲನ್ನು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿಯನ್ನು ಬದಲಾಯಿಸಿ, ನಗರದ ಈ ಅಂಚಿನಿಂದ ಆ ಅಂಚಿಗೆ ನಾಲ್ಕೈದು ಸಲ ಹೋಗಿ ಬಂದೆನು.

ಆ ಮನೆಯಲ್ಲಿ ಕಾಫಿ ಕುಡಿಯುವವರು ನಾಲ್ವರು: ಶಿಷ್ಯ, ಅವನ ಪತ್ನಿ, ಅವನ ತಂದೆತಾಯಿಗಳು. ಯಂತ್ರಕ್ಕೂ ಅದರ ಜೊತೆಗೆ ಅವಶ್ಯವಾದ ಬೀಜ ಪುಡಿಮಾಡುವ ಯಂತ್ರಕ್ಕೂ ಸೇರಿ ಅವನು ಎತ್ತಿಟ್ಟಿದ್ದ ಹಣ ಎರಡು ಲಕ್ಷ ರೂಪಾಯಿ. ಆ ವರ್ಷದ ಬೋನಸ್ಸು. ಅದೇ ಹಣದಲ್ಲಿ ಹಾಸನದ ಕಡೆಯ ಊರಿನ ಮನೆಗೆ ಹೆಂಚು ಹೊದಿಸಬಹುದೆಂದು ತಂದೆಯವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಬಾಯಿಬಿಟ್ಟು ಹೇಳಿರಲಿಲ್ಲ. ಆದುದರಿಂದ ಈ ಪರೀಕ್ಷೆಯು ಬರಿಯ ರುಚಿಯ ವಿಚಾರವಾಗಿರಲಿಲ್ಲ.

ಕಾಫಿಯೇನೂ ನಮಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವು ಸರ್ವರಿಗೂ ತಿಳಿದದ್ದೇ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುವ ದೇಶ ಇಟಲಿ. ಕೊಡಗು, ಚಿಕ್ಕಮಗಳೂರುಗಳ ರೊಬಸ್ಟಾ ಬೀಜವು ಎಸ್‌ಪ್ರೆಸೊವಿನ ಮೇಲೆ ದಟ್ಟವಾದ ಹೊಂಬಣ್ಣದ ನೊರೆಯನ್ನು ಕೊಡುವುದರಿಂದ ಅಲ್ಲಿನವರಿಗೆ ಅದು ಪ್ರಿಯವಾಗಿದೆ. ಹೀಗೆ ಬೀಜವು ನಮ್ಮಿಂದ ಅಲ್ಲಿಗೆ ಹೋಗುವುದು, ಯಂತ್ರವು ಅಲ್ಲಿಂದ ನಮ್ಮಲ್ಲಿಗೆ ಬರುವುದು.

ಈ ಯಂತ್ರದ ಪೂರ್ವಕಥೆಯನ್ನು ಸಂಗ್ರಹವಾಗಿ ತಿಳಿದುಕೊಂಡರೆ ಎರಡು ಬಾಯ್ಲರುಗಳ ಮರ್ಮವು ತಾನಾಗಿಯೇ ಅರ್ಥವಾಗುವುದು. 1884ರಲ್ಲಿ ತೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬುವರು ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಸನ್ನದನ್ನು ಪಡೆದರು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಎಂಬುವರು ಒಂದೊಂದು ಬಟ್ಟಲನ್ನೂ ಪ್ರತ್ಯೇಕವಾಗಿ ಇಳಿಸುವ ಉಪಾಯವನ್ನು ಕಂಡುಹಿಡಿದರು. ಆಗಿನ ಯಂತ್ರಗಳಲ್ಲಿ ನೀರನ್ನು ಪುಡಿಯ ಮೂಲಕ ನೂಕುತ್ತಿದ್ದುದು ಹಬೆಯೇ ಆದುದರಿಂದ, ನೀರು ಮಿತಿಮೀರಿ ಕಾದು ಕಾಫಿಗೆ ಸೀದ ಕಹಿ ಬರುತ್ತಿತ್ತು. 1938ರಲ್ಲಿ ಸನ್ನದು ಪಡೆದ ಅಕಿಲೆ ಗಾಜ್ಜಿಯಾ ಎಂಬುವರು, ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಸನ್ನೆ ಮತ್ತು ಸ್ಪ್ರಿಂಗಿನ ಬಲದಿಂದ ನೀರನ್ನು ಒತ್ತುವ ಯಂತ್ರವನ್ನು ಬಳಕೆಗೆ ತಂದರು; ಕಾಫಿಯ ಮೇಲೆ ಹೊಂಬಣ್ಣದ ನೊರೆಯು ಕಾಣಿಸಿಕೊಂಡದ್ದು ಆಗ. 1961ರಲ್ಲಿ ಫಾಯೆಮಾ ಕಾರ್ಖಾನೆಯ ‘ಇ61’ ಎಂಬ ಯಂತ್ರದಲ್ಲಿ ಆ ಕೆಲಸವನ್ನು ವಿದ್ಯುತ್ ಪಂಪು ವಹಿಸಿಕೊಂಡಿತು. 1970ರಲ್ಲಿ ಫ್ಲಾರೆನ್ಸ್ ನಗರದ ಲಾ ಮಾರ್ಜೊಕೊ ಕಾರ್ಖಾನೆಯವರು ಕಾಫಿಯ ನೀರಿಗೆ ಒಂದು, ಹಬೆಗೆ ಇನ್ನೊಂದು ಎಂದು ಎರಡು ಬಾಯ್ಲರುಗಳನ್ನು ಬೇರ್ಪಡಿಸಿದರು. ಹೋಟೆಲುಗಳಿಗಾಗಿ ಹುಟ್ಟಿದ ಈ ಏರ್ಪಾಡೇ ಇಂದು ಒಂದಡಿ ಅಗಲದ ಪೆಟ್ಟಿಗೆಯಲ್ಲಿ ಅಡಕವಾಗಿ ಮನೆಯ ಅಡುಗೆಕಟ್ಟೆಯ ಮೇಲೆ ಕುಳಿತಿದೆ. ಲೆಲಿಟ್ ಕಾರ್ಖಾನೆಯ ಎಲಿಜಬೆತ್, ಪ್ರೊಫಿಟೆಕ್ ಕಾರ್ಖಾನೆಯ ಪ್ರೊ 300, ರಾನ್ಚಿಲಿಯೊ ಕಾರ್ಖಾನೆಯ ಸಿಲ್ವಿಯಾ ಪ್ರೊ ಎಂಬುವು ಈ ಜಾತಿಯವು.

ಎರಡು ಏಕೆ ಬೇಕು? ಕಾಫಿಯನ್ನು ಇಳಿಸುವುದಕ್ಕೆ ನೀರು 93 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರಬೇಕು. ಹಾಲನ್ನು ನೊರೆಗಟ್ಟಿಸುವ ಹಬೆಯಾದರೋ 120 ಡಿಗ್ರಿಯನ್ನು ಮೀರಿದ ಬಾಯ್ಲರಿನಿಂದ ಬರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿದುಬಿಡುವುದು. ಅದಕ್ಕಿಂತ ಹೆಚ್ಚಿನ ಶಾಖ ಬೇಕಾದರೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡವನ್ನು ಕಟ್ಟಬೇಕು. ಹಬೆಯ ಬಾಯ್ಲರೆಂದರೆ ನಮ್ಮ ಪ್ರೆಷರ್ ಕುಕ್ಕರಿನ ದಾಯಾದಿಯೇ ಸರಿ. ಒತ್ತಡವೂ ಹೆಚ್ಚುಕಡಮೆ ಅಷ್ಟೇ. ಒಂದೇ ಬಾಯ್ಲರುಳ್ಳ ಅಗ್ಗದ ಯಂತ್ರದಲ್ಲಿ ಕಾಫಿಯನ್ನು ಇಳಿಸಿದ ಬಳಿಕ ಅದೇ ನೀರನ್ನು ಹಬೆಗಾಗಿ ಮತ್ತೆ ಕಾಯಿಸಬೇಕು; ಮುಂದಿನ ಬಟ್ಟಲಿಗಾಗಿ ಪುನಃ ತಣಿಸಬೇಕು. ಇದಲ್ಲದೆ ಮೂರನೆಯ ಬಗೆಯೊಂದುಂಟು. ಅದರಲ್ಲಿ ಹಬೆಯ ದೊಡ್ಡ ಬಾಯ್ಲರಿನ ಒಳಗಿನಿಂದ ಸಣ್ಣ ಕೊಳವೆಯೊಂದು ಹಾದುಹೋಗುತ್ತದೆ. ಕಾಫಿಯ ನೀರು ಆ ಕೊಳವೆಯಲ್ಲಿ ಹರಿಯುವಾಗಲೇ ಕಾದುಕೊಳ್ಳುತ್ತದೆ. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಗೂ ಹೊರಜಗಲಿಗೂ ಬೆಳಕು ಕೊಡುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದು ಕರೆಯುವರು. ಈ ಮೂರನೆಯ ಬಗೆಯು ಆ ನ್ಯಾಯಕ್ಕೆ ತಕ್ಕ ಉದಾಹರಣೆ. ಆದರೆ ಹೊಸ್ತಿಲ ದೀಪದಿಂದ ಒಳಗೆ ಹೆಚ್ಚು, ಹೊರಗೆ ಕಡಮೆ ಎಂದು ಬೆಳಕನ್ನು ಹಂಚಲಾಗದಂತೆ, ಅಲ್ಲಿ ಎರಡು ಶಾಖಗಳನ್ನು ಬೇರೆಬೇರೆಯಾಗಿ ನಿಯಮಿಸಲಾಗದು. ಎರಡು ಬಾಯ್ಲರಿದ್ದಲ್ಲಿ ಒಂದೊಂದಕ್ಕೂ ಪ್ರತ್ಯೇಕ ನಿಯಾಮಕವಿರುತ್ತದೆ. ಹಾಲು ಉಕ್ಕುವುದಕ್ಕೆ ಮುಂಚೆಯೇ ಉರಿಯನ್ನು ತಗ್ಗಿಸುವ ಜಾಣ ಗೃಹಿಣಿಯಂತೆ, ಈ ನಿಯಾಮಕವು ಶಾಖವು ಮಿತಿಯನ್ನು ಮುಟ್ಟುವ ಮುನ್ನವೇ ವಿದ್ಯುತ್ತನ್ನು ಕಡಮೆಮಾಡಿ ಒಂದು ಡಿಗ್ರಿಯ ಆಚೀಚೆಗೂ ಹೋಗದಂತೆ ನೋಡಿಕೊಳ್ಳಲು ಯತ್ನಿಸುವುದು.

ಚಿಕ್ಕ ಯಂತ್ರಗಳಲ್ಲಿ ಕಾಫಿಯ ಬಾಯ್ಲರು ಸುಮಾರು 300 ಮಿಲಿಲೀಟರಿನದು. ಹಬೆಯದು 600 ಮಿಲಿಲೀಟರಿನಿಂದ ಒಂದು ಲೀಟರಿನವರೆಗೆ. ನಯವಾಗಿ ಬೀಸಿದ 18 ಗ್ರಾಂ ಪುಡಿಯನ್ನು ಜರಡಿಬಟ್ಟಲಿನಲ್ಲಿ ಒತ್ತಿ ಕೂರಿಸಿ, ವಾಯುಮಂಡಲದ ಒತ್ತಡದ ಸುಮಾರು ಒಂಬತ್ತರಷ್ಟು ಒತ್ತಡದಲ್ಲಿ ನೀರನ್ನು ಹಾಯಿಸಿದರೆ, 25 ರಿಂದ 30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಗಟ್ಟಿ ಕಾಫಿ ಇಳಿಯುವುದು. ಈ ಒತ್ತಡವೆಂದರೆ ಮೂವತ್ತು ಅಂತಸ್ತಿನ ಕಟ್ಟಡದ ತುದಿಯಲ್ಲಿರುವ ತೊಟ್ಟಿಯ ನೀರು ನೆಲಮಟ್ಟದ ನಲ್ಲಿಯಲ್ಲಿ ತೋರುವ ಒತ್ತಡ. ನಮ್ಮ ಫಿಲ್ಟರಿನಲ್ಲಿಯಾದರೆ ನೀರನ್ನು ಎಳೆಯುವುದು ಭೂಮಿಯ ಆಕರ್ಷಣೆಯೊಂದೇ. ಆದುದರಿಂದಲೇ ರಾತ್ರಿ ಹಾಕಿದ ಡಿಕಾಕ್ಷನ್ನು ಬೆಳಗ್ಗೆ ಸಿದ್ಧ.

ಇನ್ನು ಪರೀಕ್ಷೆಯ ವಿಚಾರ. ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವುದು ಸ್ಥಾಲೀಪುಲಾಕನ್ಯಾಯ. ಕಾಫಿ ಯಂತ್ರಕ್ಕೆ ಈ ನ್ಯಾಯವು ಸಲ್ಲದು. ಅಂಗಡಿಯಲ್ಲಿ ನುರಿತ ಕೈಯೊಂದು, ಶೋಧಿಸಿದ ನೀರಿನಿಂದ, ಅದೇ ತಾನೆ ಬೀಸಿದ ಪುಡಿಯಿಂದ ಮಾಡಿಕೊಟ್ಟ ಒಂದು ಬಟ್ಟಲು ಕಾಫಿಯು ನಮ್ಮ ಮನೆಯ ಮುಂದಿನ ಸಾವಿರ ಬಟ್ಟಲುಗಳಿಗೆ ಸಾಕ್ಷಿಯಾಗಲಾರದು. ಮೂರು ವಾರ ಮನೆಯಲ್ಲಿಟ್ಟುಕೊಂಡು ನೋಡುವೆನೆಂದ ಶಿಷ್ಯನ ಯೋಚನೆಯು ಆದುದರಿಂದ ಶ್ಲಾಘ್ಯವಾದದ್ದು.

ಕಾಲದ ಲೆಕ್ಕವನ್ನು ಮೊದಲು ನೋಡೋಣ. ತಣ್ಣಗಿದ್ದ ಯಂತ್ರವು ಲೋಹಸಮೇತ ಚೆನ್ನಾಗಿ ಕಾದು ಸಿದ್ಧವಾಗುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಮೇಲೆ ಒಂದು ಕಡೆ ಕಾಫಿ ಇಳಿಯುತ್ತಿರುವಾಗಲೇ ಮತ್ತೊಂದು ಕಡೆ ಹಾಲು ನೊರೆಗಟ್ಟುತ್ತಿದ್ದುದರಿಂದ ನಾಲ್ಕು ಲೋಟಗಳು ಹನ್ನೆರಡು ನಿಮಿಷಗಳಲ್ಲಿ ಮುಗಿದವು. ಒಂದೇ ಬಾಯ್ಲರಿನ ಯಂತ್ರವಾಗಿದ್ದರೆ ಲೋಟಲೋಟಕ್ಕೂ ಕಾಯುವ ಹೊತ್ತು ಇದಕ್ಕೆ ಸೇರಿಕೊಳ್ಳುತ್ತಿತ್ತು. ಎರಡು ಬಾಯ್ಲರುಗಳಿಗೆ ಕೊಡುವ ಹೆಚ್ಚಿನ ಹಣದಿಂದ ನಾವು ಕೊಳ್ಳುವುದು ಮುಖ್ಯವಾಗಿ ಈ ಹೊತ್ತನ್ನು ಎಂಬುದು ಸ್ಪಷ್ಟ. ಹಾಲಿಲ್ಲದೆ ಬರಿಯ ಎಸ್‌ಪ್ರೆಸೊವನ್ನೇ ಕುಡಿಯುವವರಿಗೂ, ದಿನಕ್ಕೆ ಒಂದೆರಡೇ ಲೋಟ ಮಾಡುವ ಮನೆಗೂ ಎರಡನೆಯ ಬಾಯ್ಲರು ವ್ಯರ್ಥ. ಆದರೆ ಅದೇ ಮನೆಯ ಅಮ್ಮನವರು ರಾತ್ರಿಯೇ ಡಿಕಾಕ್ಷನ್ನು ಹಾಕಿಟ್ಟು, ಬೆಳಗ್ಗೆ ಹಾಲನ್ನು ಕಾಯಿಸಿ, ಎಂಟು ನಿಮಿಷಗಳಲ್ಲಿ ನಾಲ್ಕು ಲೋಟಗಳನ್ನೂ ಒಟ್ಟಿಗೆ ಮುಂದಿಟ್ಟರು ಎಂಬುದನ್ನೂ ಇಲ್ಲಿ ಹೇಳಬೇಕಾದುದು ನ್ಯಾಯ.

ರುಚಿಯ ವಿಷಯದಲ್ಲಿ ಮನೆಯು ಎರಡು ಪಕ್ಷವಾಯಿತು. ದಂಪತಿಗಳಿಗೆ ಯಂತ್ರದ ಕಾಫಿಯ ಪರಿಮಳವೂ ನೊರೆಯ ನುಣುಪೂ ಪ್ರಿಯವಾದುವು. ಅದು ನಿಜವಾಗಿಯೂ ಉತ್ತಮವಾಗಿತ್ತು. ಹಿರಿಯರು ಒಂದು ಗುಟುಕನ್ನು ಕುಡಿದು, “ಮೇಷ್ಟ್ರೇ, ಇದು ಆರಿದ ಕಾಫಿ” ಎಂದರು. ಇದರಲ್ಲಿ ಹಟವೇನೂ ಇರಲಿಲ್ಲ. ಹಬೆಯಿಂದ ನೊರೆಗಟ್ಟಿಸುವ ಹಾಲನ್ನು 60 ರಿಂದ 65 ಡಿಗ್ರಿಯಲ್ಲಿ ನಿಲ್ಲಿಸುವುದು ವಾಡಿಕೆ. 70ನ್ನು ಮೀರಿದರೆ ನೊರೆಯು ಒಡೆದು ಹಾಲಿಗೆ ಬೇರೆಯ ವಾಸನೆ ಬರುವುದು. ನಮ್ಮವರಾದರೋ ಉಕ್ಕಿಬಂದ ಹಾಲನ್ನು ನೇರವಾಗಿ ಡಿಕಾಕ್ಷನ್ನಿಗೆ ಹೊಯ್ದು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುತ್ತ ತಮಗೆ ಬೇಕಾದಷ್ಟೇ ಆರಿಸಿಕೊಳ್ಳುವ ಅಭ್ಯಾಸವುಳ್ಳವರು. ಇನ್ನೊಂದು ಕಾರಣವೂ ಉಂಟು. 150 ಮಿಲಿಲೀಟರ್ ತಣ್ಣನೆಯ ಹಾಲನ್ನು ಹಬೆಯಿಂದ 60 ಡಿಗ್ರಿಗೆ ಏರಿಸಬೇಕಾದರೆ ಸುಮಾರು 14 ಗ್ರಾಂ ಹಬೆಯು ಅದರಲ್ಲಿ ನೀರಾಗಿ ಸೇರಬೇಕು. ಎಂದರೆ ಹಾಲಿನ ಹತ್ತರಲ್ಲಿ ಒಂದು ಪಾಲಿನಷ್ಟು ನೀರು. ಗಟ್ಟಿ ಹಾಲಿನ ನಾಲಗೆಯು ಇದನ್ನು ಗುರುತಿಸದೆ ಇರುವುದೆ?

ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಕಾನೂನಿನ ಪ್ರಕಾರ ಕಾಫಿ ಚಿಕರಿಯ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51 ಪಾಲಿಗೆ ಕಡಮೆಯಿಲ್ಲದಂತೆ ಇದ್ದರೆ ಸಾಕು, ಉಳಿದದ್ದು ಚಿಕರಿಯಾಗಿರಬಹುದು. ಫಿಲ್ಟರಿನಲ್ಲಿ ಡಿಕಾಕ್ಷನ್ನಿಗೆ ಮೈಯನ್ನೂ ಬಣ್ಣವನ್ನೂ ಕೊಡುವ ಈ ಚಿಕರಿಯು ಯಂತ್ರದ ಸಣ್ಣ ಜರಡಿಯಲ್ಲಿ ಅಂಟಾಗಿ ಕಟ್ಟಿಕೊಂಡು ನೀರಿನ ದಾರಿಯನ್ನು ತಡೆಯುವುದು. ಯಂತ್ರಕ್ಕೆ ಚಿಕರಿಯಿಲ್ಲದ ಬೀಜವೇ ಬೇಕು. ಅದನ್ನೂ ಆಗಿಂದಾಗ್ಗೆ, ಫಿಲ್ಟರಿನ ಪುಡಿಗಿಂತ ಬಹಳ ನಯವಾಗಿ ಬೀಸಿಕೊಳ್ಳಬೇಕು. ಹುರಿದ ದಿನಾಂಕವನ್ನು ಬರೆದಿರುವ ಪೊಟ್ಟಣವನ್ನೇ, ಎರಡು ವಾರಕ್ಕೆ ಸಾಲುವಷ್ಟು ಮಾತ್ರ ಕೊಳ್ಳುವುದು ಉತ್ತಮ. ಕೈಯಲ್ಲಿರುವ ಹಣದಲ್ಲಿ ಎರಡೂ ಒಳ್ಳೆಯವು ಬಾರದಿದ್ದರೆ ಬೀಸುವ ಯಂತ್ರವನ್ನು ಒಳ್ಳೆಯದನ್ನೇ ಕೊಂಡು, ಕಾಫಿ ಯಂತ್ರದಲ್ಲಿ ಕೈ ಹಿಡಿಯಿರಿ. ಪುಡಿಯು ಸಮವಾಗಿಲ್ಲದಿದ್ದರೆ ಎಷ್ಟು ಬಾಯ್ಲರುಗಳಿದ್ದರೂ ಕಾಫಿ ಕೆಡುವುದು.

ಈಗ ನಮ್ಮ ಹೊರವಲಯದ ನಿವಾಸಿಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ಅದು ನೀರು. ಕಾವೇರಿ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರಿನಲ್ಲಿ ಉದ್ಘಾಟಿತವಾಗಿ, ನಗರದ ಅಂಚಿನ 110 ಹಳ್ಳಿಗಳಿಗೆ ನೀರನ್ನು ತಲುಪಿಸುವ ಕಾರ್ಯವು ಮೊದಲಾಯಿತು. ಆದರೂ ಅನೇಕ ಮನೆಗಳ ತೊಟ್ಟಿಗಳನ್ನು ತುಂಬುವುದು ಕೊಳವೆಬಾವಿಯ ನೀರು ಇಲ್ಲವೆ ಟ್ಯಾಂಕರಿನ ನೀರು. ಅದೇ ವರ್ಷದ ಬೇಸಗೆಯ ಅಭಾವವನ್ನು ವಾಚಕರು ಮರೆತಿರಲಾರರು. ಆಳದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶವು ಕಾಯಿಸಿದಾಗ ಕಲ್ಲಾಗಿ ಪಾತ್ರೆಗೆ ಹತ್ತಿಕೊಳ್ಳುವುದು. ಸ್ನಾನದ ಗೀಸರಿನ ಕಾಯಿಲನ್ನು ಒಮ್ಮೆ ಹೊರಗೆ ತೆಗೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರು ದೊರೆಯದಿದ್ದ ಪಕ್ಷದಲ್ಲಿ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಮನುಷ್ಯನು ಸಹಿಸುವುದನ್ನು ಬಾಯ್ಲರು ಸಹಿಸದು. ಲೆಕ್ಕ ಮಾಡಿ ನೋಡೋಣ. ಗಡಸುತನವು 400 ಇರುವ ನೀರೆಂದಿಟ್ಟುಕೊಳ್ಳಿ. ದಿನಕ್ಕೆ 100 ಮಿಲಿಲೀಟರ್ ನೀರು ಹಬೆಯಾಗಿ ಹೊರಟರೆ, ಹಬೆಯು ಶುದ್ಧವಾಗಿ ಹೋಗುವುದು. ಅದರಲ್ಲಿದ್ದ 40 ಮಿಲಿಗ್ರಾಂ ಸುಣ್ಣವು ಬಾಯ್ಲರಿನಲ್ಲಿಯೇ ಉಳಿಯುವುದು. ವರ್ಷಕ್ಕೆ ಸುಮಾರು 15 ಗ್ರಾಂ. ಒಂದು ಲೀಟರೂ ಹಿಡಿಯದ ಪಾತ್ರೆಯಲ್ಲಿ, ಸೂಜಿಯ ಗಾತ್ರದ ರಂಧ್ರಗಳ ದಾರಿಯಲ್ಲಿ, ಇಷ್ಟು ಕಲ್ಲು! ಅನೇಕ ತಯಾರಕರು ಸುಣ್ಣ ಕಟ್ಟಿ ಕೆಟ್ಟ ಯಂತ್ರಕ್ಕೆ ವಾರಂಟಿಯನ್ನು ಅನ್ವಯಿಸುವುದಿಲ್ಲವೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ.

ಹಾಗಾದರೆ ಆರ್‌ಓ ಶೋಧಕದ ನೀರನ್ನೇ ಹಾಕಿಬಿಟ್ಟರೆ ಆಯಿತಲ್ಲವೆ ಎಂದು ಕೇಳಬಹುದು. ಅಲ್ಲಿಯೂ ತೊಡಕುಂಟು. ಬಾಯ್ಲರಿನಲ್ಲಿ ನೀರು ಎಷ್ಟಿದೆಯೆಂಬುದನ್ನು ಅನೇಕ ಯಂತ್ರಗಳು ಒಂದು ಲೋಹದ ಕಡ್ಡಿಯ ಮೂಲಕ, ನೀರಿನಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತಿನಿಂದ ತಿಳಿಯುತ್ತವೆ. ಲವಣಗಳೆಲ್ಲ ಹೋದ ನೀರಿನಲ್ಲಿ ವಿದ್ಯುತ್ತು ಸರಿಯಾಗಿ ಹರಿಯದು. ನೀರಿದ್ದರೂ ಇಲ್ಲವೆಂದು ಭ್ರಮಿಸಿ ಯಂತ್ರವು ತುಂಬುತ್ತಲೇ ಹೋಗಬಹುದು. ಅತಿ ಶುದ್ಧವಾದ ನೀರು ಲೋಹವನ್ನು ಕೊರೆಯುವುದೂ ಉಂಟು. ಅದರಿಂದ ಇಳಿದ ಕಾಫಿಯೂ ಸಪ್ಪೆ. ಆದುದರಿಂದ ಮಧ್ಯಮ ಮಾರ್ಗವೇ ಯುಕ್ತ. ಕಾಫಿಯ ತಜ್ಞರು 50 ರಿಂದ 175ರವರೆಗಿನ ಗಡಸುತನವನ್ನು ಒಪ್ಪುವರು. ಬಾಯ್ಲರಿನ ಹಿತವನ್ನೂ ನೋಡಿದರೆ 100ರೊಳಗೆ ಇರುವುದು ಲೇಸು. ಆರ್‌ಓ ನೀರು 20, ಮನೆಯ ಕುಡಿಯಲು ಯೋಗ್ಯವಾದ ನೀರು 400 ಇದ್ದರೆ, ಮೊದಲನೆಯದು ನಾಲ್ಕು ಪಾಲು, ಎರಡನೆಯದು ಒಂದು ಪಾಲು ಬೆರೆಸಿದಾಗ 96 ಬರುವುದು. ಈ ಬೆರಕೆಯನ್ನು ಕುಡಿಯಲು ಯೋಗ್ಯವೆಂದು ಪರೀಕ್ಷೆಯಾದ ನೀರಿನಿಂದ ಮಾತ್ರ ಮಾಡಬೇಕು. ನಮ್ಮ ಪೀಣ್ಯದ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ವಿಷವು ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದ ವಿಷಯ. ಎಷ್ಟು ಕುದಿಸಿದರೂ ಅದು ಹೋಗದು. ಅಂಥ ಕಡೆ ಕಾವೇರಿಯ ನೀರನ್ನೇ ಬೆರಕೆಗೆ ಉಪಯೋಗಿಸತಕ್ಕದ್ದು.

ಶಿಷ್ಯನ ಮನೆಯಲ್ಲಿ ಹನಿಹನಿಯಾಗಿ ಔಷಧ ಹಾಕಿ ನೋಡುವ ಸಣ್ಣ ಪರೀಕ್ಷಾಪೆಟ್ಟಿಗೆಯೊಂದನ್ನು ತರಿಸಿ ನಲ್ಲಿಯ ನೀರನ್ನು ನೋಡಿದೆವು, 420 ಬಂದಿತು. ಎರಡು ಲಕ್ಷದ ಯಂತ್ರದ ಆಯುಷ್ಯವನ್ನು ಕೆಲವೇ ನೂರು ರೂಪಾಯಿಯ ಆ ಪೆಟ್ಟಿಗೆಯು ತೋರಿಸಿಕೊಟ್ಟಿತು. ಯಂತ್ರದ ಅಂಗಡಿಗೆ ಹೋಗುವುದಕ್ಕೆ ಮುಂಚೆ ಈ ಪರೀಕ್ಷೆಯನ್ನು ಮಾಡುವುದು ಎಲ್ಲರಿಗೂ ಕ್ಷೇಮ.

ವಿದ್ಯುತ್ತಿನ ಮಾತು ಎರಡು. ಒಂದು ಲೀಟರ್ ನೀರನ್ನು 25ರಿಂದ 125 ಡಿಗ್ರಿಗೆ ಏರಿಸಲು ಸುಮಾರು 0.12 ಯೂನಿಟ್ ಬೇಕು. ಯಂತ್ರದ ಲೋಹವನ್ನೂ ಸೇರಿಸಿದರೆ ಒಂದು ಸಲ ಕಾಯುವುದಕ್ಕೆ ಕಾಲು ಯೂನಿಟ್ಟಿನಷ್ಟು. ಇದು ದೊಡ್ಡದಲ್ಲ, ದಿನವಿಡೀ ಕಾಯಿಸಿಯೇ ಇಡುವುದು ಮಾತ್ರ ದುಂದು. ಎರಡು ಬಾಯ್ಲರುಗಳೂ ಒಮ್ಮೆಗೇ ಕಾಯುವಾಗ ಸೆಳೆತವು ಹೆಚ್ಚಾಗುವುದರಿಂದ ಗೀಸರಿಗೆ ಇರುವಂಥ ದೊಡ್ಡ ಪವರ್ ಪ್ಲಗ್ಗೇ ಅಡುಗೆಮನೆಯಲ್ಲಿಯೂ ಬೇಕು. ಕರೆಂಟು ಹೋದಾಗ ಸಮುಚ್ಚಯದ ಜನರೇಟರು ಮನೆಯೊಂದಕ್ಕೆ ಕೊಡುವ ಮಿತಿಯಲ್ಲಿ ಈ ಯಂತ್ರವು ನಡೆಯುವುದೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಂದ ತಂದುಕೊಡುವ ಯಂತ್ರವು 120 ವೋಲ್ಟಿನದು; ನಮ್ಮ 230 ವೋಲ್ಟಿಗೆ ನೇರವಾಗಿ ಸೇರಿಸಿದರೆ ಸುಟ್ಟುಹೋಗುವುದು. ಪ್ರೀತಿಯಿಂದ ತಂದದ್ದೆಂದು ಸಂಕೋಚಪಡದೆ ಮುಂಚೆಯೇ ಬೇಡವೆನ್ನುವುದು ಒಳಿತು.

ಸುರಕ್ಷತೆಯ ಬಗ್ಗೆ ಒಂದು ಮಾತು. ಪೀಣ್ಯದ ಕಾರ್ಖಾನೆಗಳಲ್ಲಿ ಬಾಯ್ಲರುಗಳನ್ನು ಸರ್ಕಾರದ ಅಧಿಕಾರಿಗಳು ಬಂದು ತನಿಖೆ ಮಾಡುವರು. 25 ಲೀಟರಿಗಿಂತ ಚಿಕ್ಕ ಪಾತ್ರೆಗಳಿಗೆ ಆ ಬಾಯ್ಲರ್ ಕಾನೂನು ಅನ್ವಯಿಸುವುದಿಲ್ಲ. ಆದುದರಿಂದ ಅಡುಗೆಮನೆಯ ಬಾಯ್ಲರಿಗೆ ಮನೆಯ ಯಜಮಾನನೇ ತನಿಖಾಧಿಕಾರಿ. ಒತ್ತಡವು ಮಿತಿಮೀರಿದಾಗ ತೆರೆದುಕೊಳ್ಳುವ ಸೇಫ್ಟಿ ವಾಲ್ವು ಇದೆಯೆ, ಬಿಡಿಭಾಗಗಳು ಬೆಂಗಳೂರಿನಲ್ಲಿಯೇ ದೊರೆಯುವುವೆ, ರಿಪೇರಿಗೆ ಮನೆಗೆ ಬರುವವರುಂಟೆ ಎಂಬುದನ್ನು ಕೇಳಿ ಬರೆಸಿಕೊಳ್ಳಬೇಕು. ಅಟ್ಟದ ಕಪಾಟಿನ ಕೆಳಗೆ ಯಂತ್ರವನ್ನಿಟ್ಟರೆ ಮೇಲಿನಿಂದ ನೀರು ತುಂಬಲು ಜಾಗವುಳಿಯುವುದೇ ಎಂಬುದನ್ನು ಅಳತೆಪಟ್ಟಿಯಿಂದ ನೋಡಬೇಕು.

ಇನ್ನು ಉಳಿದದ್ದು ಮೂರನೆಯ ಪ್ರಶ್ನೆ. ಹಬೆಯ ಕೊಳವೆಗೆ ಹತ್ತಿದ ಹಾಲನ್ನು ಆ ಕ್ಷಣದಲ್ಲಿಯೇ ಒದ್ದೆಬಟ್ಟೆಯಿಂದ ಒರೆಸಿ, ಹಬೆಯನ್ನೊಮ್ಮೆ ಊದಿಸಬೇಕು. ತಡಮಾಡಿದರೆ ಒಳಗೆ ಹಾಲು ಒಣಗಿ ಕೊಳೆಯುವುದು. ಜರಡಿಬಟ್ಟಲನ್ನು ಪ್ರತಿಸಲವೂ ತೊಳೆಯಬೇಕು. ಕೆಳಗಿನ ತಟ್ಟೆಯನ್ನು ದಿನವೂ ಬರಿದುಮಾಡಬೇಕು. ವಾರಕ್ಕೊಮ್ಮೆ ಕುರುಡುಬಟ್ಟಲನ್ನು ಹಾಕಿ ಮಾರ್ಜಕದ ಪುಡಿಯಿಂದ ನೀರಿನ ದಾರಿಯನ್ನು ತೊಳೆಯಬೇಕು. ಹಬೆಯ ಬಾಯ್ಲರಿನಲ್ಲಿ ಸಾಂದ್ರವಾದ ನೀರನ್ನು ಬಿಸಿನೀರಿನ ನಲ್ಲಿಯ ಮೂಲಕ ಹೊರಗೆ ಬಿಡಬೇಕು. ರಬ್ಬರಿನ ಬಿಲ್ಲೆಯನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಫಿಲ್ಟರಿನ ಆರೈಕೆಯಾದರೋ ತೊಳೆದು ಬೋರಲು ಹಾಕುವುದರೊಳಗೆ ಮುಗಿಯಿತು.

ಮೊದಲನೆಯ ವಾರದಲ್ಲಿ ಕಂಡದ್ದೇನೆಂದರೆ, ಕಾಫಿಯನ್ನು ಉತ್ಸಾಹದಿಂದ ಇಳಿಸುವವನು ಮಗ. ಚೆಲ್ಲಿದ ಪುಡಿಯನ್ನೂ ಹಾಲಿನ ಜಗ್ಗನ್ನೂ ತೊಳೆಯುವವರು ಮೊಣಕೈನೋವಿನ ತಾಯಿ. ರಾತ್ರಿ ಹನ್ನೊಂದರವರೆಗೆ ಅಮೆರಿಕದವರೊಡನೆ ಮಾತನಾಡಿ ಕೆಲಸ ಮುಗಿಸುವ ಸೊಸೆಯು ಅದನ್ನು ನೋಡಿ, “ಅತ್ತೇ, ನೀವು ಅದನ್ನು ಮುಟ್ಟಬೇಡಿ, ಕಾಫಿ ಮಾಡಿದವರೇ ತೊಳೆಯಲಿ” ಎಂದಳು. ನಾನೂ ಶಿಷ್ಯನಿಗೆ ಅದನ್ನೇ ಹೇಳಿದೆನು: “ಉಳಿದ ಎರಡು ವಾರ ನೀನೇ ತೊಳೆ. ಒಂದು ದಿನವೂ ಬಿಡದೆ ತೊಳೆದೆಯಾದರೆ ಯಂತ್ರವು ನಿನಗೆ ಸಲ್ಲುವುದು. ಇಲ್ಲವಾದರೆ ನೀನು ಕೊಳ್ಳುತ್ತಿರುವುದು ಕಾಫಿಯನ್ನಲ್ಲ, ನಿನ್ನ ತಾಯಿಗೆ ಇನ್ನೊಂದು ಪಾತ್ರೆಯನ್ನು.” ಅವನು ಬುದ್ಧಿವಂತ, ಮಾತು ನಾಟಿತು. ಆ ಹದಿನಾಲ್ಕು ದಿನಗಳಲ್ಲಿ ಹನ್ನೊಂದು ದಿನ ತಾನೇ ತೊಳೆದನು, ಮೂರು ದಿನ ಕಚೇರಿಯ ಅವಸರದಲ್ಲಿ ಬಿಟ್ಟನು. ಲೆಕ್ಕವನ್ನು ಮರೆಮಾಚದೆ ಒಪ್ಪಿಸಿದನು.

ಕೊನೆಗೆ ಆದ ತೀರ್ಮಾನವನ್ನು ತಿಳಿಸುವೆನು. ಹೆಂಚಿನ ವಿಷಯವನ್ನು ತಾಯಿಯವರು ಊಟದ ಹೊತ್ತಿನಲ್ಲಿ ತಾವಾಗಿ ಎತ್ತಿದರು. ಮಳೆಗಾಲವು ಯಾರಿಗೂ ಕಾಯುವುದಿಲ್ಲ, ಯಂತ್ರವು ಕಾಯುವುದು ಎಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಸೂರಿನ ಕೆಲಸವು ಮೊದಲು. ಒಳ್ಳೆಯ ಬೀಸುವ ಯಂತ್ರವೊಂದು ಈ ವರ್ಷ. ನೀರಿನ ಏರ್ಪಾಡು ಸರಿಯಾದ ಮೇಲೆ ಜೋಡಿ ಬಾಯ್ಲರು ಬರುವ ವರ್ಷ ಎಂದಾಯಿತು. ಬೀಸುವ ಯಂತ್ರದ ಲಾಭವು ಕೂಡಲೆ ಕಂಡಿತು: ಹೊಸದಾಗಿ ಬೀಸಿದ ಪುಡಿಯನ್ನು ಫಿಲ್ಟರಿಗೆ ಹಾಕಿದಾಗ ಹಿರಿಯರ ಲೋಟದಲ್ಲಿಯೂ ಪರಿಮಳ ಹೆಚ್ಚಿತು.

ಆದಕಾರಣ ವಾಚಕರಲ್ಲಿ ನನ್ನ ಸೂಚನೆ ಇಷ್ಟೆ. ದಿನವೂ ನಾಲ್ಕು ಅಥವಾ ಹೆಚ್ಚು ಹಾಲಿನ ಕಾಫಿಗಳನ್ನು ಒಟ್ಟಿಗೆ ಮಾಡುವ ಮನೆ, ಗಡಸುತನವು ತಿಳಿದ ನೀರು, ತೊಳೆಯಲು ಒಪ್ಪಿಕೊಂಡ ಒಂದು ಕೈ, ಈ ಮೂರೂ ಇದ್ದಲ್ಲಿ ಜೋಡಿ ಬಾಯ್ಲರಿನ ಯಂತ್ರವು ಕೊಟ್ಟ ಹಣಕ್ಕೆ ಮೋಸವಾಗದು; ಅದು ಉತ್ತಮವಾದ ಸಾಧನವೇ. ಮೂರರಲ್ಲಿ ಒಂದು ಇಲ್ಲದಿದ್ದರೂ ತಾಳ್ಮೆಯೇ ಲೇಸು. ಯಾವ ಯಂತ್ರವು ಬಂದರೂ ಹಿರಿಯರ ಫಿಲ್ಟರನ್ನು ಮಾತ್ರ ಕಪಾಟಿಗೆ ಸೇರಿಸಬೇಡಿ. ಅದಕ್ಕೆ ವಿದ್ಯುತ್ತು ಬೇಡ, ವಾರಂಟಿ ಬೇಡ. ಮೇಲಾಗಿ ಮುಂಜಾನೆ ಐದು ಗಂಟೆಗೆ ಎದ್ದವರನ್ನು ಅದು ಕಾಯಿಸುವುದಿಲ್ಲ.

ಹುರಿದ ಬೀಜವನ್ನೂ ಪುಡಿಯನ್ನೂ ಮಳೆಗಾಲದಲ್ಲಿ ಮಂಕಾಗದಂತೆ ಇಡುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.